ಓದಿದ್ದೆಲ್ಲಾ ಗೊತ್ತು ಅಂತಾಳೆ, ಪ್ರಶ್ನೆಪತ್ರಿಕೆ ಕೈಗೆ ಬಂದರೆ ತಲೆ ಖಾಲಿ. ಕೊನೆಯ ಪರೀಕ್ಷೆಗೆ ಆರೇ ವಾರ ಇದೆ

ಮೂಲೆಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹದಿನಾರು ವರ್ಷ. ಹೈಸ್ಕೂಲಿನ ಕೊನೆಯ ಪರೀಕ್ಷೆ ಹತ್ತಿರ ಬಂತು. ಓದುವುದೇ ಇಲ್ಲ ಅನ್ನುವ ತಕರಾರು ನನ್ನದಲ್ಲ. ಓದುತ್ತಾಳೆ, ಬೇಕಾದ್ದಕ್ಕಿಂತ ಜಾಸ್ತಿಯೇ ಓದುತ್ತಾಳೆ. ವಿಜ್ಞಾನದ ಪುಸ್ತಕ ತೆರೆದರೆ ಹಳದಿ, ಗುಲಾಬಿ, ಹಸಿರು ಹೈಲೈಟರ್. ಬಣ್ಣ ಬೀಳದ ಸಾಲನ್ನು ಹುಡುಕಬೇಕು. ರಾತ್ರಿ ಒಂದು ಗಂಟೆಯಾದರೂ ಕೋಣೆಯ ಲೈಟ್ ಆರುವುದಿಲ್ಲ.

ತೊಂದರೆ ಬರುವುದು ಪ್ರಶ್ನೆಪತ್ರಿಕೆ ಕೈಗೆ ಬಂದಾಗ. ಮೊನ್ನೆ ಕ್ಲಾಸ್ ಟೆಸ್ಟಿಗೆ ಆಮ್ಲ, ಪ್ರತ್ಯಾಮ್ಲದ ಪಾಠ ಇತ್ತು. ಹಿಂದಿನ ರಾತ್ರಿ ಇಡೀ ಪಾಠವನ್ನು ಮತ್ತೆ ಮತ್ತೆ ಓದಿದ್ದಳು. ಮೊದಲ ಪ್ರಶ್ನೆಗೇ ಬ್ಲಾಂಕ್ ಆಯಿತಂತೆ. ಮನೆಗೆ ಬಂದವಳು ಬೆನ್ನಿನ ಬ್ಯಾಗ್ ಕೂಡ ಇಳಿಸದೆ ಕುರ್ಚಿಯ ತುದಿಯಲ್ಲಿ ಕೂತುಬಿಟ್ಟಳು. "ಎಲ್ಲಾ ಗೊತ್ತಿತ್ತಮ್ಮಾ, ಬರೆಯೋಕೆ ಹೋದ್ರೆ ಬರಲೇ ಇಲ್ಲ" ಅಂದಳು. ಆವತ್ತಿನಿಂದ ಏನು ಕೇಳಿದರೂ "ನಂಗೇನೂ ಬರಲ್ಲ" ಅನ್ನುವ ಉತ್ತರ.

"ಟೆನ್ಷನ್ ಮಾಡ್ಕೋಬೇಡ" ಅಂದರೆ ಸಿಡುಕುತ್ತಾಳೆ. ಸುಮ್ಮನಿದ್ದರೆ "ನಿಂಗೆ ಚಿಂತೆನೇ ಇಲ್ಲ" ಅನ್ನುತ್ತಾಳೆ. ಅವರಪ್ಪ ಸಂಜೆ ಮನೆಗೆ ಬಂದ ಕೂಡಲೇ "ಎಷ್ಟು ಮುಗೀತು ಪುಟ್ಟಾ?" ಅಂತ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುವುದು. ಆದರೆ ಆಗ ಅವಳ ಮುಖ ನೋಡಬೇಕು ನೀವು. ಗೋಡೆಗೆ ಒಂದು ಟೈಮ್‌ಟೇಬಲ್ ಅಂಟಿಸಿದ್ದಾಳೆ, ಅರ್ಧರ್ಧ ಗಂಟೆಗೆ ಗೆರೆ ಎಳೆದು ಬಣ್ಣ ಹಚ್ಚಿದ್ದು. ಎರಡನೇ ದಿನವೇ ಹಳಿ ತಪ್ಪಿತು. ಈಗ ಅದರ ಕಡೆ ನೋಡಿದರೇ ಅಳು.

ನನಗೆ ಈ ಪಾಠಗಳನ್ನು ಹೇಳಿಕೊಡಲು ಬರುವುದಿಲ್ಲ. ಟ್ಯೂಷನ್ ಹಾಕಿ ಅನ್ನುವ ಸಲಹೆ ದಯವಿಟ್ಟು ಬೇಡ. ಮನೆಯಲ್ಲಿ ನಾವು ಏನು ಮಾಡಬಹುದು, ಏನು ಬಿಡಬೇಕು, ಅಷ್ಟು ಹೇಳಿ.

ನೇರಮಾತು:

ಮೊದಲು ಫೋನ್ ಕಿತ್ತಿಟ್ಟುಕೊಳ್ಳಿ ಮೇಡಂ. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ ಕೂರಿಸಿ, ಆ ಹೊತ್ತಿಗೆ ಓದಿದ್ದು ತಲೆಗೆ ಹತ್ತುತ್ತದೆ. ನಾವೆಲ್ಲ ಟೆನ್ಷನ್ ಗಿನ್ಷನ್ ಅಂತ ಕೂತವರಲ್ಲ. ನನ್ನ ಎರಡೂ ಮಕ್ಕಳನ್ನು ಹೀಗೇ ಪಾಸ್ ಮಾಡಿಸಿದ್ದೇನೆ.

ಕರಿಹಲಗೆ:

ಮೂಲೆಮನೆಯವರೇ, ನಾನು ಗಣಿತದ ಮೇಷ್ಟ್ರು, ಈಗ ನಿವೃತ್ತ. ನಿಮ್ಮ ಮಗಳಂಥವರು ಪ್ರತಿ ಬ್ಯಾಚಿನಲ್ಲೂ ಇರುತ್ತಿದ್ದರು. ಬಹುಪಾಲು ಶ್ರದ್ಧೆಯಿಂದ ಓದುವ ಮಕ್ಕಳೇ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ಎಲ್ಲಾ ಗೊತ್ತಿತ್ತು" ಅಂತ ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಪುಸ್ತಕ ಕಣ್ಣೆದುರು ಇದ್ದಾಗ ಗೊತ್ತಿರುವುದೇ ಬೇರೆ, ಪುಸ್ತಕ ಮುಚ್ಚಿದ ಮೇಲೆ ಗೊತ್ತಿರುವುದೇ ಬೇರೆ. ಮದುವೆಮನೆಯಲ್ಲಿ ಸಿಕ್ಕವರ ಮುಖ ಚೆನ್ನಾಗಿ ಗುರುತು ಸಿಗುತ್ತದೆ, ಹೆಸರು ಹೇಳಿ ಅಂದರೆ ತಡವರಿಸುತ್ತೇವಲ್ಲ, ಹಾಗೆ. ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನು. ಆ ಕೆಲಸವನ್ನು ಅವಳು ಮನೆಯಲ್ಲಿ ಮಾಡಿಯೇ ಇಲ್ಲ. ಮೊಟ್ಟಮೊದಲ ಸಲ ಮಾಡುವುದು ಪರೀಕ್ಷೆಯ ಹಾಲಿನಲ್ಲಿ, ಗಡಿಯಾರದ ಕೆಳಗೆ. ಗಾಬರಿಯಾಗದೆ ಇನ್ನೇನು? ಇದಕ್ಕೆ ಸಮಾಧಾನದ ಮಾತು ಎಷ್ಟು ಆಡಿದರೂ ಸಾಲದು. ಓದುವ ರೀತಿ ಬದಲಾಗಬೇಕು, ಗಾಬರಿ ಅದರ ಹಿಂದೆಯೇ ಇಳಿಯುತ್ತದೆ.

ಇದು ನನ್ನೊಬ್ಬನ ಮಾತಲ್ಲ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗರಿಗೆ ಚಿಕ್ಕ ಗದ್ಯಭಾಗ ಕೊಟ್ಟು ನೋಡಿದರು. ಒಂದು ಕಡೆ ಅದನ್ನೇ ಮತ್ತೆ ಓದಿಸಿದರು. ಇನ್ನೊಂದು ಕಡೆ ಹಾಳೆ ತೆಗೆದಿಟ್ಟು ನೆನಪಿದ್ದಷ್ಟು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ: ಬರೆದು ನೋಡಿದವರಿಗೆ ಶೇ. 56ರಷ್ಟು ನೆನಪಿತ್ತು, ಬರೀ ಓದಿದವರಿಗೆ ಶೇ. 42. ತಮಾಷೆ ಏನು ಗೊತ್ತಾ? ಅದೇ ಅಧ್ಯಯನದ ಇನ್ನೊಂದು ಪ್ರಯೋಗದಲ್ಲಿ "ನಮಗೆ ಚೆನ್ನಾಗಿ ನೆನಪಿರುತ್ತೆ" ಅನ್ನುವ ಧೈರ್ಯ ಜಾಸ್ತಿ ಇದ್ದದ್ದು ಪದೇ ಪದೇ ಓದಿದವರಿಗೇ. ಆಮೇಲೆ 2013ರಲ್ಲಿ ಜಾನ್ ಡನ್ಲೋಸ್ಕಿ ಮತ್ತು ಜೊತೆಯವರು ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದರು. ಹೈಲೈಟರ್ ಮತ್ತು ಮರುಓದು ಕೆಳಗಿನ ಸಾಲಿಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಒಂದೇ ಪಾಠವನ್ನು ಬೇರೆ ಬೇರೆ ದಿನಕ್ಕೆ ಹಂಚಿ ಓದುವುದು ಮೇಲಿನ ಸಾಲಿಗೆ.

ಹೇಗೆ ಮಾಡುವುದು ಹೇಳುತ್ತೇನೆ. ಹೃದಯದ ಪಾಠ ಅಂದುಕೊಳ್ಳಿ. ಒಂದೇ ಸಲ ನಿಧಾನವಾಗಿ ಓದಲಿ. ಪುಸ್ತಕ ಮುಚ್ಚಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಇಡಲಿ. ಖಾಲಿ ಹಾಳೆಯ ಮೇಲೆ ನಾಲ್ಕು ಚೌಕ ಬರೆದು, ರಕ್ತ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ಬಾಣದ ಗುರುತು ಹಾಕಲಿ. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಅಲ್ಲಿಂದ ಶ್ವಾಸಕೋಶ, ಮತ್ತೆ ಎಡಕ್ಕೆ. ಎಲ್ಲೋ ಒಂದು ಕಡೆ ಪೆನ್ನು ನಿಂತೇ ನಿಲ್ಲುತ್ತದೆ. ಬಹಳ ಮಕ್ಕಳಿಗೆ ನಿಲ್ಲುವುದು ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ಹತ್ತಿರ. ಅಪಧಮನಿ ಅಂದರೆ ಆಮ್ಲಜನಕ ತುಂಬಿದ ರಕ್ತ ಅಂತ ಬಾಯಿಪಾಠ ಮಾಡಿರುತ್ತಾರೆ, ಇದೊಂದು ಮಾತ್ರ ಉಲ್ಟಾ. ಪೆನ್ನು ನಿಂತಾಗ ತಕ್ಷಣ ಪುಸ್ತಕ ತೆಗೆಯಬಾರದು. ಒಂದೆರಡು ನಿಮಿಷ ಒದ್ದಾಡಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಲಿ. ಎರಡು ದಿನ ಬಿಟ್ಟು ಹೊಸ ಹಾಳೆ. ಕೆಂಪು ಕಡಿಮೆಯಾಗಿರುತ್ತದೆ. ಮತ್ತೆ ಒಂದು ವಾರ ಬಿಟ್ಟು ಇನ್ನೊಂದು. ಆ ಹಾಳೆಗಳನ್ನು ಎಸೆಯಬೇಡಿ. "ನಂಗೇನೂ ಬರಲ್ಲ" ಅಂದಾಗ ಮುಂದಿಡಲು ಬೇಕಾಗುತ್ತವೆ.

ಗಣಿತಕ್ಕೆ ಬೇರೆ ಕಾಯಿಲೆ. ಸಮಾಂತರ ಶ್ರೇಢಿಯ (ಪ್ರತಿ ಸಲ ಒಂದೇ ಸಂಖ್ಯೆ ಕೂಡುತ್ತಾ ಅಥವಾ ಕಳೆಯುತ್ತಾ ಹೋಗುವ ಸಾಲು) ಪಾಠದಲ್ಲಿ ಇಪ್ಪತ್ತು ಲೆಕ್ಕ ಸರಸರ ಮಾಡುತ್ತಾರೆ, ಪರೀಕ್ಷೆಯಲ್ಲಿ ಒಂದೂ ಹತ್ತುವುದಿಲ್ಲ. ಯಾಕೆ? ಪಾಠದ ಕೊನೆಯ ಲೆಕ್ಕಗಳಿಗೆ ಯಾವ ಸೂತ್ರ ಅಂತ ಪಾಠದ ಹೆಸರೇ ಹೇಳಿಬಿಟ್ಟಿರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಪಾಠದ ಹೆಸರು ಇರುವುದಿಲ್ಲವಲ್ಲ. ನಾನು ಕ್ಲಾಸಿನಲ್ಲಿ ಒಂದು ಚೆಂಡಿನ ಲೆಕ್ಕ ಕೊಡುತ್ತಿದ್ದೆ. 8 ಮೀಟರ್ ಎತ್ತರದಿಂದ ಬಿದ್ದ ಚೆಂಡು ಪ್ರತಿ ಸಲವೂ ಹಿಂದಿನ ಎತ್ತರದ ಅರ್ಧಕ್ಕೆ ಪುಟಿಯುತ್ತದೆ. ಸಮಾಂತರ ಶ್ರೇಢಿಯ ಗುಂಗಿನಲ್ಲಿದ್ದ ಮಕ್ಕಳು 8, 4 ಅಂತ ನೋಡಿದ ಕೂಡಲೇ ನಾಲ್ಕು ನಾಲ್ಕು ಕಳೆಯಲು ಶುರು. ಅವರ ಲೆಕ್ಕದಲ್ಲಿ ಎರಡನೇ ಪುಟಿತಕ್ಕೇ ಚೆಂಡು ನೆಲಕ್ಕೆ ಅಂಟಿಕೊಂಡಿರುತ್ತಿತ್ತು! ಅದಕ್ಕೇ ಬೇರೆ ಬೇರೆ ಪಾಠದ ಲೆಕ್ಕಗಳನ್ನು ಚೀಟಿ ಮಾಡಿ ಕಲಸಿ ಎತ್ತಲಿ. ಮೊದಲ ಅರ್ಧ ನಿಮಿಷ ಲೆಕ್ಕ ಮಾಡದೆ, ಇದು ಯಾವ ಪಾಠದ್ದು, ಯಾಕೆ, ಅಂತ ಮಾತ್ರ ಹೇಳಲಿ. ಇದನ್ನು ಕೇಳಿಸಿಕೊಳ್ಳಲು ನಿಮಗೆ ಗಣಿತ ಬರಬೇಕಾಗಿಲ್ಲ.

ಗೋಡೆಯ ಟೈಮ್‌ಟೇಬಲ್ ತೆಗೆದುಬಿಡಿ. ಅರ್ಧರ್ಧ ಗಂಟೆಯ ಪಟ್ಟಿ ಯಾರಿಂದಲೂ ನಡೆಯುವುದಿಲ್ಲ, ನನ್ನಿಂದಲೂ. ಇವತ್ತು ಈ ಮೂರು ಹಾಳೆ, ಅಷ್ಟೆ. ವಾರದಲ್ಲಿ ಅರ್ಧ ದಿನ ಏನೂ ಬರೆಯದೆ ಖಾಲಿ ಬಿಡಿ, ಹಿಂದೆ ಬಿದ್ದದ್ದು ಅಲ್ಲಿ ಬಂದು ಕೂರುತ್ತದೆ.

ನೇರಮಾತು ಅವರೇ, ನಿಮ್ಮ ಮಕ್ಕಳು ಪಾಸಾದದ್ದು ಸಂತೋಷ. ಆದರೆ ರಾತ್ರಿ ಒಂದಕ್ಕೆ ಮಲಗುವ ಹುಡುಗಿಯನ್ನು ನಾಲ್ಕಕ್ಕೆ ಎಬ್ಬಿಸಿದರೆ ಉಳಿಯುವುದು ಮೂರು ಗಂಟೆ ನಿದ್ದೆ. ಹದಿಮೂರರಿಂದ ಹದಿನೆಂಟರ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ ಬೆಳಗ್ಗೆ ಕಣ್ಣು ಬಿಡಲಾಗದೆ ಇರುವುದು ಸೋಮಾರಿತನ ಅಲ್ಲ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. ರಾತ್ರಿ ಹನ್ನೊಂದರ ಮೇಲೆ ಪುಸ್ತಕ ಮುಚ್ಚಿಸುವುದು ನಿಮ್ಮ ಕೆಲಸ ಮೂಲೆಮನೆಯವರೇ, ಅದರಲ್ಲಿ ಮಾತ್ರ ಗಟ್ಟಿಯಾಗಿರಿ. ಸಂಜೆಯ ಮೇಲೆ ಕಾಫಿ, ಟೀ ಬೇಡ. ಕೆಫೀನಿನ ಅರ್ಧದಷ್ಟು ಐದಾರು ಗಂಟೆ ಬಿಟ್ಟರೂ ರಕ್ತದಲ್ಲಿ ಉಳಿದಿರುತ್ತದೆ.

ಹೋದವರ್ಷದವಳು:

ಆಂಟಿ, ನಾನು ಹೋದ ವರ್ಷ ಬರೆದವಳು. ಮೇಷ್ಟ್ರು ಹೇಳಿದ ಖಾಲಿ ಹಾಳೆ ನಿಜವಾಗಲೂ ಕೆಲಸ ಮಾಡುತ್ತದೆ. ನಾನು ಒಂಚೂರು ಬೇರೆ ಥರ ಮಾಡುತ್ತಿದ್ದೆ. ನಮ್ಮಮ್ಮನಿಗೆ ವಿಜ್ಞಾನ ಬರುವುದಿಲ್ಲ, ಅದೇ ಒಳ್ಳೆಯದಾಯಿತು. ಅಮ್ಮ ಬಟ್ಟೆ ಮಡಚುತ್ತಾ ಕೂರುತ್ತಿದ್ದರು, ನಾನು ಪಾಠ ಹೇಳುತ್ತಿದ್ದೆ. ಅವರು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: "ಯಾಕೆ?", "ಆಮೇಲೆ?" ವಿದ್ಯುತ್ಕಾಂತ ಪ್ರೇರಣೆ ಹೇಳುವಾಗ, ಕಾಂತವನ್ನು ಸುರುಳಿಯೊಳಗೆ ತಳ್ಳಿದರೆ ಕರೆಂಟ್ ಬರುತ್ತೆ ಅಂದೆ. "ಒಳಗೆ ಸುಮ್ನೆ ಇಟ್ಟರೆ?" ಅಂದರು. ನನಗೆ ಗೊತ್ತಿರಲಿಲ್ಲ! ಪುಸ್ತಕ ತೆಗೆದು ನೋಡಿದರೆ, ಇಟ್ಟರೆ ಬರುವುದಿಲ್ಲ, ಅಲುಗಾಡುತ್ತಾ ಇರಬೇಕು. ನಾನು ಅದೆಷ್ಟೋ ಸಲ ಓದಿದ್ದ ಸಾಲು ಅದು. ಆಮೇಲೆ ಮರೆಯಲೇ ಇಲ್ಲ.

ಫೋನ್ ಕಿತ್ತುಕೊಳ್ಳಬೇಡಿ ಪ್ಲೀಸ್. ಕ್ಲಾಸಿನ ಗ್ರೂಪ್‌ಗಳನ್ನು ಮಾತ್ರ ಮ್ಯೂಟ್ ಮಾಡಲು ಹೇಳಿ. ಅಲ್ಲಿ ರಾತ್ರಿ ಹನ್ನೆರಡಕ್ಕೆ ಯಾರೋ "ನಂದು ಸೆಕೆಂಡ್ ರಿವಿಷನ್ ಆಯ್ತು" ಅಂತ ಹಾಕುತ್ತಾರೆ. ಅದನ್ನು ನೋಡಿದ ಮೇಲೆ ನಿದ್ದೆ ಎಲ್ಲಿ ಬರುತ್ತದೆ? ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಗೇಟಿನ ಹತ್ತಿರ ಉತ್ತರ ತಾಳೆ ನೋಡುವ ಗುಂಪಿಗೂ ಸೇರಬಾರದು. ಮುಂದಿನ ಪೇಪರ್ ಹಾಳಾಗುತ್ತದೆ.

ಹಾಲಿನಲ್ಲಿ ಬ್ಲಾಂಕ್ ಆದರೆ ನಾನು ಮಾಡುತ್ತಿದ್ದದ್ದು: ಆ ಪ್ರಶ್ನೆಗೆ ಜಾಗ ಬಿಟ್ಟು, ಗೊತ್ತಿರುವ ಚಿಕ್ಕ ಪ್ರಶ್ನೆ ಬರೆಯಲು ಶುರು. ಕೈ ಓಡಲು ಶುರುವಾದ ಮೇಲೆ ತಲೆಯೂ ಓಡುತ್ತದೆ. ಹಿಂದಕ್ಕೆ ಬಂದು ನೋಡಿದರೆ ಅರ್ಧ ನೆನಪಾಗಿರುತ್ತದೆ. ಅದೂ ಆಗದಿದ್ದರೆ ಚಿತ್ರ ಬರೆದು ಭಾಗ ಗುರುತಿಸಿಬಿಡುವುದು.

ಅಂಕಲ್‌ಗೆ ಹೇಳಿ, "ಎಷ್ಟು ಮುಗೀತು" ಅಂದರೆ ನಮ್ಮ ಕಿವಿಗೆ "ಎಷ್ಟು ಉಳಿದಿದೆ" ಅಂತಲೇ ಬೀಳುವುದು.

ಕಿವಿಗೊಟ್ಟು:

ನಾನು ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿ. ಎರಡೇ ವಿಷಯ ಸೇರಿಸುತ್ತೇನೆ.

ಒಂದು, ಬ್ಲಾಂಕ್ ಆಗುವುದು ಬುದ್ಧಿ ಕಡಿಮೆ ಅಂತ ಅಲ್ಲ. ಲೆಕ್ಕ ಮಾಡುವಾಗ, ವಾಕ್ಯ ಕಟ್ಟುವಾಗ ಮನಸ್ಸು ಒಂದಿಷ್ಟು ವಿಷಯವನ್ನು ಎದುರಿಗೆ ಹಿಡಿದಿಟ್ಟುಕೊಂಡಿರಬೇಕು. ಆ ಜಾಗ ಬಹಳ ಚಿಕ್ಕದು. "ಫೇಲಾದರೆ?" ಅನ್ನುವ ಯೋಚನೆ ಅಲ್ಲೇ ಬಂದು ಕೂತರೆ ಉತ್ತರಕ್ಕೆ ಜಾಗ ಉಳಿಯುವುದಿಲ್ಲ. ಜೆರಾರ್ಡೋ ರಮಿರೆಜ್ ಮತ್ತು ಸಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನು ಹಾಳೆಯ ಮೇಲೆ ಬರೆದ ವಿದ್ಯಾರ್ಥಿಗಳು ಚೆನ್ನಾಗಿ ಮಾಡಿದರು. ಹೆಚ್ಚು ಲಾಭವಾದದ್ದು ಪರೀಕ್ಷೆ ಅಂದರೆ ತುಂಬಾ ಹೆದರುವವರಿಗೇ. ಬರೆದದ್ದನ್ನು ಯಾರೂ ಓದಬೇಕಾಗಿಲ್ಲ, ಹರಿದು ಹಾಕಬಹುದು. ನೀವಂತೂ ಓದಬೇಡಿ.

ಎರಡು, ಮಾಮೂಲಿ ಗಾಬರಿ ಬೇರೆ, ಅದನ್ನು ಮೀರಿದ್ದು ಬೇರೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಇಷ್ಟವಾದದ್ದೂ ಬೇಡ ಅನ್ನುತ್ತಾಳೆ, ಮತ್ತೆ ಮತ್ತೆ ಎದೆ ಹಿಡಿದುಕೊಂಡು ಉಸಿರಾಡಲು ಆಗುತ್ತಿಲ್ಲ ಅನ್ನುತ್ತಾಳೆ ಅಂದರೆ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ, ಡಾಕ್ಟರಿಗೆ ತೋರಿಸಿ. "ನಾನು ಇರೋದೇ ಬೇಡ" ಅನ್ನುವ ಅರ್ಥದ ಮಾತು ತಮಾಷೆಗೆ ಬಂದರೂ ಪಕ್ಕ ಕೂತು ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದ್ಯಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ಕಲ್ಪನೆ. ಹೌದು ಅಂದರೆ ಅವಳನ್ನು ಒಂಟಿಯಾಗಿ ಬಿಡದೆ ಅವತ್ತೇ ಸಹಾಯ ಪಡೆಯಿರಿ.

ಮೂಲೆಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿವಿಗೊಟ್ಟು ಅವರೇ, ನೀವು ಹೇಳಿದ ಮಟ್ಟಕ್ಕೆ ಹೋಗಿಲ್ಲ, ಊಟ ಮಾಡುತ್ತಾಳೆ, ತಮ್ಮನ ಜೊತೆ ಜಗಳವೂ ಆಡುತ್ತಾಳೆ. ಆದರೂ ಆ ಮಾತು ನೆನಪಿಟ್ಟುಕೊಂಡಿದ್ದೇನೆ.

ಮೇಷ್ಟ್ರೇ, ಖಾಲಿ ಹಾಳೆ ಕೊಟ್ಟೆ. ಟೆಸ್ಟಿನಲ್ಲಿ ಕೈಕೊಟ್ಟ ಅದೇ ಪಾಠ ತೆಗೆದುಕೊಂಡಳು. ಕಾಲು ಹಾಳೆ ತುಂಬಿತು, ಮಿಕ್ಕದ್ದೆಲ್ಲ ಕೆಂಪು. "ನೋಡಿದ್ಯಾ, ನಾನು ಹೇಳ್ಲಿಲ್ವಾ?" ಅಂತ ಪೆನ್ನು ಎಸೆದಳು. ಈಗ ಮತ್ತೆ ಹೈಲೈಟರ್ ಹಿಡಿದು ಕೂತಿದ್ದಾಳೆ. ಏನು ಮಾಡಲಿ?

ಕರಿಹಲಗೆ:

ಆಗುವುದೇ ಹಾಗೆ. ಓದುವುದು ಹಿತವಾಗಿರುತ್ತದೆ, ನೆನಪಿಸಿಕೊಳ್ಳುವುದು ಕಷ್ಟ. ಕಷ್ಟ ಆದ ಕೂಡಲೇ ಮಕ್ಕಳು "ಇದು ನಂಗೆ ಆಗಲ್ಲ" ಅಂದುಕೊಳ್ಳುತ್ತಾರೆ. ಆ ಪಾಠ ಸದ್ಯಕ್ಕೆ ಬಿಡಿ. ಅವಳಿಗೆ ಅತ್ಯಂತ ಇಷ್ಟವಾದ ಪಾಠ ಯಾವುದು ಕೇಳಿ, ಅದರ ಒಂದೇ ಒಂದು ಉಪಶೀರ್ಷಿಕೆ ತೆಗೆದುಕೊಳ್ಳಲಿ. ಅರ್ಧ ಪುಟದಷ್ಟು ಓದು, ಅರ್ಧ ಪುಟದಷ್ಟು ಬರಹ. ಹತ್ತು ನಿಮಿಷದ ಕೆಲಸ. ಇಡೀ ಪಾಠವನ್ನು ಒಂದೇ ಏಟಿಗೆ ಬರೆಯಲು ನನಗೂ ಬರುವುದಿಲ್ಲ. ಮತ್ತೆ ಆ ಕೆಂಪು ಹಾಳೆ ಇದೆಯಲ್ಲ, ಅದು ಪರೀಕ್ಷೆಗೆ ಆರು ವಾರ ಮುಂಚೆ ಸಿಕ್ಕಿದೆ. ಏನು ಓದಬೇಕು ಅನ್ನುವ ಪಟ್ಟಿಯನ್ನು ಅದೇ ಬರೆದುಕೊಟ್ಟಿದೆ. ಹೈಲೈಟರ್ ಬೇಕೇ ಬೇಕು ಅಂದರೆ ಅದರಲ್ಲಿರುವ ಕೆಂಪಿನ ಮೇಲೆ ಮಾತ್ರ ಹಚ್ಚಲಿ.

ಮೂಲೆಮನೆ:

ಮನುಷ್ಯರ ಕಣ್ಣಿನ ಪಾಠ ಇಷ್ಟವಂತೆ. ಕಣ್ಣಿನ ಚಿತ್ರ ಬರೆದಳು, ಭಾಗಗಳ ಹೆಸರಲ್ಲಿ ಒಂದು ಮಾತ್ರ ಬಿಟ್ಟಿತ್ತು. ಏನೂ ಮಾತಾಡಲಿಲ್ಲ, ಆದರೆ ತಾನೇ ಇನ್ನೊಂದು ಹಾಳೆ ತೆಗೆದುಕೊಂಡಳು. ಅವರಪ್ಪನಿಗೂ ಹೇಳಿದ್ದೇನೆ. ಈಗ "ಇವತ್ತು ಯಾವುದು ಮಜಾ ಇತ್ತು?" ಅಂತ ಕೇಳುತ್ತಾರೆ. ಕೇಳುವಾಗ ಪಾಪ ಅವರಿಗೇ ಕಸಿವಿಸಿ.

ಇನ್ನೊಂದೇ ಪ್ರಶ್ನೆ. ಹಳೇ ಪ್ರಶ್ನೆಪತ್ರಿಕೆಗಳನ್ನು ಯಾವಾಗ ಕೊಡಲಿ? ಎಲ್ಲಾ ಓದಿ ಮುಗಿದ ಮೇಲಾ?

ಕರಿಹಲಗೆ:

ಎಲ್ಲಾ ಮುಗಿಯುವ ದಿನ ಬರುವುದೇ ಇಲ್ಲ, ಮುಂದಿನ ವಾರವೇ ಒಂದು ಕೊಡಿ. ನಿಜವಾದ ಪರೀಕ್ಷೆ ಎಷ್ಟು ಗಂಟೆಗೆ ಶುರುವೋ ಅದೇ ಹೊತ್ತಿಗೆ ಕೂರಲಿ, ಅಷ್ಟೇ ಸಮಯ. ಅದೇ ಪೆನ್ನು, ಅದೇ ನೀರಿನ ಬಾಟಲಿ. ಫೋನ್ ನಿಮ್ಮ ಹತ್ತಿರ ಇರಲಿ, ಅಷ್ಟು ಹೊತ್ತು ಮಾತ್ರ. ಶುರುವಿಗೆ ಐದು ನಿಮಿಷ ಇಡೀ ಪತ್ರಿಕೆ ಓದಿ, ಮೊದಲು ಯಾವುದು ಬರೆಯುತ್ತೇನೆ ಅಂತ ಗುರುತು ಹಾಕಿಕೊಳ್ಳಲಿ.

ತಿದ್ದುವುದು ನೀವಲ್ಲ, ಅವಳೇ. ಮಾರ್ಕ್ಸ್ ಕೂಡಿಸುವುದು ಬೇಡ. ತಪ್ಪಾದ ಪ್ರತಿ ಉತ್ತರದ ಪಕ್ಕ ಒಂದು ಗುರುತು ಸಾಕು: ಇದು ಗೊತ್ತೇ ಇರಲಿಲ್ಲ, ಇದು ಗೊತ್ತಿದ್ದೂ ಕೈತಪ್ಪಿತು, ಇದಕ್ಕೆ ಟೈಮ್ ಸಾಲಲಿಲ್ಲ. ಗೊತ್ತಿಲ್ಲದ್ದಕ್ಕೆ ಖಾಲಿ ಹಾಳೆ ಇದೆ. ಕೈತಪ್ಪುವುದು ಹೆಚ್ಚಾಗಿ ಚಿಹ್ನೆ ಬರೆಯುವಲ್ಲಿ, ಪ್ರಶ್ನೆಯ ಕೊನೆಯ ಪದ ಓದದೆ ಬಿಡುವಲ್ಲಿ. ಟೈಮ್ ಸಾಲದಿದ್ದರೆ ಎರಡು ಮಾರ್ಕ್ಸಿನ ಪ್ರಶ್ನೆಗೆ ಒಂದು ಪುಟ ಬರೆದಿರುತ್ತಾಳೆ, ನೋಡಿ ಬೇಕಾದರೆ. ಎರಡನೇ ಪತ್ರಿಕೆ ನಾಲ್ಕೈದು ದಿನ ಬಿಟ್ಟು ಕೊಡಿ, ಮಾರನೇ ದಿನವೇ ಬೇಡ.